ಸೊಂಟದ ಸುತ್ತಳತೆ ಮತ್ತು ಊಟದ ತಟ್ಟೆ: ಕರ್ನಾಟಕದಲ್ಲಿ ಬೊಜ್ಜಿನ ತಡೆ ಕುರಿತು ಒಂದು ವಿವೇಚನೆ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯೋಮಾನದ ಮಹಿಳೆಯರಲ್ಲಿ ಶೇ. 30.1ರಷ್ಟು, ಪುರುಷರಲ್ಲಿ ಶೇ. 30.9ರಷ್ಟು ಜನ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. 2015–16ರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 23.3 ಮತ್ತು ಶೇ. 22.1 ಇತ್ತು. ಅದೇ ಐದನೆಯ ಸಮೀಕ್ಷೆಯು ರಾಜ್ಯದ ಮಹಿಳೆಯರಲ್ಲಿ ಶೇ. 17.2ರಷ್ಟು ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರೆಂದೂ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದೂ ದಾಖಲಿಸಿದೆ. ಬೊಜ್ಜನ್ನು ಉಳ್ಳವರ ಸಮಸ್ಯೆಯೆಂದೂ ಅಪೌಷ್ಟಿಕತೆಯನ್ನು ಇಲ್ಲದವರ ಸಮಸ್ಯೆಯೆಂದೂ ವಿಂಗಡಿಸಿ, ಒಂದನ್ನು ಖಾಸಗಿ ಆಹಾರ ತಜ್ಞರಿಗೂ ಇನ್ನೊಂದನ್ನು ಅಂಗನವಾಡಿಗೂ ಒಪ್ಪಿಸುವ ರೂಢಿ ನಮ್ಮಲ್ಲಿ ಬೇರೂರಿದೆ. ಈ ವಿಂಗಡಣೆ ನಿಲ್ಲುವಂಥದ್ದಲ್ಲ; ಧಾನ್ಯ ಹೆಚ್ಚಾಗಿ ಕಾಳು, ಸೊಪ್ಪು, ತರಕಾರಿಗಳು ಕಡಿಮೆಯಾದ ಒಂದೇ ಊಟವು ಬಾಲ್ಯದಲ್ಲಿ ಕುಂಠಿತ ಬೆಳವಣಿಗೆಯಾಗಿಯೂ ನಡುವಯಸ್ಸಿನಲ್ಲಿ ಹೊಟ್ಟೆಯ ಬೊಜ್ಜಾಗಿಯೂ ಕಾಣಿಸಿಕೊಳ್ಳುತ್ತದೆಂಬುದು ಈ ಲೇಖನದ ಪ್ರತಿಪಾದನೆ.

ಮೊದಲು ಅಳತೆಯ ಪ್ರಶ್ನೆ. ಬೊಜ್ಜನ್ನು ಗುರುತಿಸಲು ಸಾಮಾನ್ಯವಾಗಿ ಬಳಸುವ ದೇಹ ತೂಕ ಸೂಚ್ಯಂಕವೆಂದರೆ ಕಿಲೋಗ್ರಾಂಗಳಲ್ಲಿ ಅಳೆದ ತೂಕವನ್ನು ಮೀಟರ್‌ಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಮಾನದಂಡದಲ್ಲಿ 25 ಮತ್ತು ಅದಕ್ಕೆ ಮೇಲ್ಪಟ್ಟದ್ದು ಅಧಿಕ ತೂಕ, 30 ಮತ್ತು ಅದಕ್ಕೆ ಮೇಲ್ಪಟ್ಟದ್ದು ಬೊಜ್ಜು. ಆದರೆ ಈ ಸಂಖ್ಯೆಯು ದೇಹದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದನ್ನು ತಿಳಿಸುವುದಿಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯೂಡ್ಕಿನ್ ಪ್ರಕಟಿಸಿದ ಪುಟ್ಟ ಟಿಪ್ಪಣಿಯೊಂದು ಇದನ್ನು ಮರೆಯಲಾಗದಂತೆ ತೋರಿಸಿಕೊಟ್ಟಿತು. ಇಬ್ಬರ ಸೂಚ್ಯಂಕವೂ 22.3 ಆಗಿದ್ದರೂ ಯೂಡ್ಕಿನ್ ಅವರ ದೇಹದಲ್ಲಿ ಕೊಬ್ಬಿನ ಪ್ರಮಾಣ ಶೇ. 9.1 ಇದ್ದರೆ ಯಾಜ್ಞಿಕ್ ಅವರ ದೇಹದಲ್ಲಿ ಅದು ಶೇ. 21.2 ಇತ್ತು. ಭಾರತೀಯರಿಗೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ಇಲ್ಲಿನ ತಜ್ಞರು 2009ರಲ್ಲಿ ಗೆರೆಯನ್ನು ಕೆಳಗಿಳಿಸಿದ್ದಕ್ಕೂ, ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಬಾರದೆಂದು ನಿಗದಿಪಡಿಸಿದ್ದಕ್ಕೂ ಇಂಥ ಅರಿವೇ ಕಾರಣ. ಈ ಸುತ್ತಳತೆಯನ್ನು ಅಳೆಯಲು ಯಂತ್ರ ಬೇಕಿಲ್ಲ. ನೆಟ್ಟಗೆ ನಿಂತು, ಸಹಜವಾಗಿ ಉಸಿರು ಬಿಟ್ಟ ಮೇಲೆ, ಕಟ್ಟಕಡೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ದರ್ಜಿಯ ಟೇಪನ್ನು ಬಿಗಿಯದೆ ಸುತ್ತಿದರೆ ಸಾಕು.

ಸೊಂಟಕ್ಕೇ ಇಷ್ಟು ಮಹತ್ವ ಏಕೆಂಬುದನ್ನು ಸ್ವಲ್ಪ ವಿವರಿಸಬೇಕು. ಚರ್ಮದ ಕೆಳಗಿನ ಕೊಬ್ಬಿನ ಪದರವು ಮಿಕ್ಕಿದ ಶಕ್ತಿಯನ್ನು ತಕ್ಕಮಟ್ಟಿಗೆ ಸುರಕ್ಷಿತವಾಗಿ ಕೂಡಿಡುತ್ತದೆ. ಆ ಪದರದ ಧಾರಣಶಕ್ತಿ ಮೀರಿದಾಗ ಕೊಬ್ಬು ಉದರದೊಳಗಿನ ಅಂಗಗಳ ಸುತ್ತಲೂ ಯಕೃತ್ತಿನ ಒಳಗೂ ಸೇರತೊಡಗುತ್ತದೆ. ಅಲ್ಲಿ ಸೇರಿದ ಕೊಬ್ಬು ಇನ್ಸುಲಿನ್ ಎಂಬ ಚೋದಕವು ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ಸಾಗಿಸುವ ಕೆಲಸಕ್ಕೆ ಅಡ್ಡಿಯಾಗುತ್ತದೆ. ಇನ್ಸುಲಿನ್ ಪ್ರತಿರೋಧವೆಂದು ಕರೆಯಲಾಗುವ ಈ ಸ್ಥಿತಿಯೇ ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿ ಮಾಡಿಕೊಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಇಂಡಿಯಾಬ್ ಅಧ್ಯಯನವು 2023ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಅಂಕಿಅಂಶಗಳಲ್ಲಿ ಸಾಮಾನ್ಯ ಬೊಜ್ಜು ಶೇ. 28.6ರಷ್ಟು ವಯಸ್ಕರಲ್ಲಿದ್ದರೆ ಹೊಟ್ಟೆಯ ಬೊಜ್ಜು ಶೇ. 39.5ರಷ್ಟು ಜನರಲ್ಲಿತ್ತು. ತೂಕದ ಯಂತ್ರವನ್ನಷ್ಟೇ ನಂಬಿದರೆ ಅಪಾಯದಲ್ಲಿರುವ ಎಷ್ಟೋ ಜನ ಕಣ್ತಪ್ಪಿ ಹೋಗುತ್ತಾರೆಂಬುದು ಇದರಿಂದ ಸ್ಪಷ್ಟ.

ಸ್ನಾಯು ಕಡಿಮೆ, ಕೊಬ್ಬು ಹೆಚ್ಚಿರುವ ಈ ದೇಹಪ್ರಕೃತಿಯ ಮೂಲ ಗರ್ಭದಲ್ಲಿದೆ. ಪುಣೆಯ ಸುತ್ತಲ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಹುಟ್ಟಿದ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿದ ಅಧ್ಯಯನದಲ್ಲಿ, ಅಲ್ಲಿನ ಮಕ್ಕಳ ಸರಾಸರಿ ತೂಕ 3.5 ಕೆ.ಜಿ. ಇದ್ದರೆ ಇಲ್ಲಿನವರದು 2.7 ಕೆ.ಜಿ. ಇತ್ತು. ಈ ಕೊರತೆಯ ಬಹುಪಾಲು ಸ್ನಾಯುಗಳಲ್ಲೂ ಉದರದ ಅಂಗಗಳಲ್ಲೂ ಕಂಡಿತೇ ಹೊರತು ಕೊಬ್ಬಿನಲ್ಲಿ ಅಷ್ಟಾಗಿ ಕಾಣಲಿಲ್ಲ. ದೆಹಲಿಯಲ್ಲಿ ಹುಟ್ಟಿನಿಂದ ಅನುಸರಿಸಿ ಬಂದ ಸುಮಾರು 1,500 ಮಂದಿಯ ಕುರಿತು 2004ರಲ್ಲಿ ಪ್ರಕಟವಾದ ವರದಿ ಇದಕ್ಕೆ ಇನ್ನೊಂದು ಆಯಾಮ ಕೊಟ್ಟಿತು. ಎರಡನೆಯ ವಯಸ್ಸಿನಲ್ಲಿ ತೆಳ್ಳಗಿದ್ದು, ಮುಂದೆ ಹನ್ನೆರಡರ ಹೊತ್ತಿಗೆ ದೇಹ ತೂಕ ಸೂಚ್ಯಂಕದಲ್ಲಿ ತಮ್ಮ ವಯಸ್ಸಿನ ಇತರರಿಗಿಂತ ಬೇಗ ಮೇಲೇರಿದವರಲ್ಲೇ ಯೌವನದಲ್ಲಿ ಮಧುಮೇಹದ ಸೂಚನೆ ಹೆಚ್ಚಾಗಿ ಕಂಡಿತು. ಆದರೆ ಹನ್ನೆರಡನೆಯ ವಯಸ್ಸಿನಲ್ಲಿ ಅವರಾರೂ ಬೊಜ್ಜಿನ ಮಕ್ಕಳೆಂದು ಗುರುತಿಸಿಕೊಳ್ಳುವಂತಿರಲಿಲ್ಲ. ಕರ್ನಾಟಕದ ಮಟ್ಟಿಗೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನ ಬಹಳ ಮುಖ್ಯವಾದುದು. ಗರ್ಭಾವಸ್ಥೆಯಲ್ಲಿ ಮಧುಮೇಹ ಕಾಣಿಸಿಕೊಂಡಿದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೆಯ ವಯಸ್ಸಿಗಾಗಲೇ ಕೊಬ್ಬಿನ ಪ್ರಮಾಣ ಹೆಚ್ಚಿರುವುದನ್ನು ಅದು ತೋರಿಸಿತು. ತಾಯಿಯ ಹಸಿವೂ ತಾಯಿಯ ಸಕ್ಕರೆಯೂ ಮಗುವಿನ ಸೊಂಟಕ್ಕೆ ಬಂದು ತಲುಪುತ್ತವೆಯೆಂದ ಮೇಲೆ, ಬೊಜ್ಜಿನ ತಡೆಯನ್ನು ನಲವತ್ತು ದಾಟಿದವರ ಬೆಳಗಿನ ನಡಿಗೆಯಿಂದ ಆರಂಭಿಸುವುದು ತಡವಾಗಿ ಎಚ್ಚೆತ್ತಂತೆಯೇ ಸರಿ.

ಇನ್ನು ಆಹಾರದ ವಿಚಾರ. 2025ರಲ್ಲಿ ಪ್ರಕಟವಾದ ಇಂಡಿಯಾಬ್ ಆಹಾರ ವಿಶ್ಲೇಷಣೆಯ ಪ್ರಕಾರ ಭಾರತೀಯರು ಸರಾಸರಿಯಾಗಿ ತಮ್ಮ ದಿನದ ಶಕ್ತಿಯ ಶೇ. 62ರಷ್ಟನ್ನು ಶರ್ಕರಪಿಷ್ಟಗಳಿಂದ, ಎಂದರೆ ಧಾನ್ಯ ಮತ್ತು ಸಕ್ಕರೆಗಳಿಂದ, ಪಡೆಯುತ್ತಾರೆ. ಪ್ರೋಟೀನಿನಿಂದ ಬರುವುದು ಶೇ. 12ರಷ್ಟು ಮಾತ್ರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ದಿನದ ಊಟಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 300 ಮಿ.ಲೀ. ಹಾಲು ಅಥವಾ ಮೊಸರನ್ನು ಸೂಚಿಸಿದೆ. ಮಾಂಸಾಹಾರಿಗಳು ಕಾಳಿನ ಒಂದು ಭಾಗಕ್ಕೆ ಬದಲಾಗಿ ಮೊಟ್ಟೆ, ಮೀನು, ಮಾಂಸವನ್ನು ಸೇರಿಸಿಕೊಳ್ಳಬಹುದು. ಇಲ್ಲಿ ಹೇಳಿರುವ ಧಾನ್ಯದ ತೂಕ ಬೇಯಿಸುವ ಮುನ್ನಿನದು. ಅದಕ್ಕೂ ಮಿಗಿಲಾಗಿ ಗಮನಿಸಬೇಕಾದುದು ಧಾನ್ಯಕ್ಕೂ ಕಾಳಿಗೂ ಇರುವ ಮೂರಕ್ಕೆ ಒಂದರ ಅನುಪಾತ. ನಮ್ಮ ಬಹುತೇಕ ಮನೆಗಳಲ್ಲಿ ತಟ್ಟೆಯ ತುಂಬ ಅನ್ನವಿದ್ದು, ಅದರ ಮೇಲೆ ಸುರಿಯುವ ತಿಳಿಸಾರಿನಲ್ಲಿ ಬೇಳೆ ಹೆಸರಿಗಷ್ಟೇ ಇರುತ್ತದೆ.

ರಾಗಿಯ ಕುರಿತು ಇಲ್ಲಿ ನಿಷ್ಠುರವಾದ ಒಂದು ಮಾತು ಅಗತ್ಯ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದ ನಾಡಿದು. ಅಕ್ಕಿಯ ಪ್ರತಿಷ್ಠೆಯ ಎದುರಿಗೆ ರಾಗಿಯ ಪರ ವಹಿಸಿ ಕನಕದಾಸರು ರಾಮಧಾನ್ಯ ಚರಿತ್ರೆಯನ್ನು ಬರೆದ ನಾಡು ಕೂಡ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 350 ಮಿಲಿಗ್ರಾಮಿನ ಆಸುಪಾಸಿನಲ್ಲಿ ಸುಣ್ಣದ ಅಂಶವಿದ್ದರೆ, ಪಾಲಿಶ್ ಅಕ್ಕಿಯಲ್ಲಿ ನಾರು ಮೂರು ಗ್ರಾಂ ಕೂಡ ಇರುವುದಿಲ್ಲ. ಆದ್ದರಿಂದ ರಾಗಿಗೆ ಸಲ್ಲುವ ಮನ್ನಣೆ ನ್ಯಾಯವಾದುದೇ. ಆದರೂ ಶಕ್ತಿಯ ಲೆಕ್ಕದಲ್ಲಿ ನೂರು ಗ್ರಾಂ ರಾಗಿ ಸುಮಾರು 320 ಕ್ಯಾಲೊರಿ ಕೊಟ್ಟರೆ ಅಕ್ಕಿ ಸುಮಾರು 356 ಕೊಡುತ್ತದೆ, ಅಂತರ ಇಷ್ಟೇ. ಮೇಲೆ ಹೇಳಿದ 2025ರ ವಿಶ್ಲೇಷಣೆಯೂ, ಪಾಲಿಶ್ ಮಾಡಿದ ಧಾನ್ಯದ ಬದಲಿಗೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ಬಳಸಿದ ಮಾತ್ರಕ್ಕೆ ಮಧುಮೇಹದ ಸಾಧ್ಯತೆ ಕುಗ್ಗಲಿಲ್ಲವೆಂದೂ, ಶರ್ಕರಪಿಷ್ಟದ ಒಂದಂಶವನ್ನು ಸಸ್ಯಮೂಲದ ಅಥವಾ ಹಾಲಿನ ಪ್ರೋಟೀನಿನಿಂದ ಬದಲಿಸಿದಾಗ ಅದು ಕಡಿಮೆಯಾಗುವುದು ಕಂಡಿತೆಂದೂ ಹೇಳುತ್ತದೆ. ಅನ್ನದ ಗುಡ್ಡೆಯ ಜಾಗದಲ್ಲಿ ಅಷ್ಟೇ ಗಾತ್ರದ ಎರಡು ಮುದ್ದೆಗಳನ್ನಿಟ್ಟು, ಸಾರನ್ನು ಹಾಗೆಯೇ ತೆಳ್ಳಗೆ ಉಳಿಸಿಕೊಂಡರೆ, ಬೊಜ್ಜಿನ ವಿಷಯದಲ್ಲಿ ಸಾಧಿಸಿದ್ದು ಅಲ್ಪವೇ. ಸಿರಿಧಾನ್ಯಗಳ ಉತ್ಸಾಹದಲ್ಲಿ ಈ ಸತ್ಯ ಮರೆಯಾಗುತ್ತಿರುವುದು ಚಿಂತೆಯ ಸಂಗತಿ.

ಮುದ್ದೆಯ ಜೊತೆಗೆ ಹಿಂದೆ ಏನಿರುತ್ತಿತ್ತು ಎಂಬ ಪ್ರಶ್ನೆ ಹೆಚ್ಚು ಫಲಕಾರಿಯಾದುದು. ಹಳೆಯ ಮೈಸೂರು ಸೀಮೆಯ ಬಸ್ಸಾರಿನಲ್ಲಿ ಕಾಳನ್ನೂ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿನಿಂದ ಸಾರನ್ನೂ ಉಳಿದುದರಿಂದ ಪಲ್ಯವನ್ನೂ ಮಾಡುವುದರಿಂದ ಒಂದೇ ಅಡುಗೆಯಲ್ಲಿ ಪ್ರೋಟೀನು, ನಾರು ಎರಡೂ ದೊರೆಯುತ್ತವೆ. ಮಸ್ಸೊಪ್ಪು, ಉಪ್ಪೆಸರು, ಹುರುಳಿಕಾಳಿನ ಸಾರು, ಚಳಿಗಾಲದ ಅವರೆಕಾಳು ಇದೇ ಪಂಕ್ತಿಗೆ ಸೇರಿದವು. ಉತ್ತರ ಕರ್ನಾಟಕದ ಊಟದಲ್ಲಿ ಜೋಳದ ರೊಟ್ಟಿಯ ಜೊತೆಗೆ ಪುಂಡಿಪಲ್ಲೆ, ಮಡಿಕೆಕಾಳು, ಹೆಸರುಕಾಳು, ಹಸಿಯಾಗಿ ಕಚ್ಚಿಕೊಳ್ಳುವ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ, ಗುರೆಳ್ಳು ಇಲ್ಲವೆ ಶೇಂಗಾ ಚಟ್ನಿ ಇರುವುದು ರೂಢಿ. ಕರಾವಳಿಯಲ್ಲಿ ಕುಚ್ಚಲಕ್ಕಿಯ ಗಂಜಿಗೆ ಮೀನೋ ಹುರುಳಿಯೋ ಒದಗುತ್ತಿತ್ತು. ಈ ಊಟಗಳಲ್ಲಿ ರೊಟ್ಟಿ, ಮುದ್ದೆ, ಗಂಜಿಗಳು ಇಂದಿಗೂ ಉಳಿದಿವೆ. ಕುಗ್ಗಿರುವುದು ಅವುಗಳ ಜೊತೆಗಾರ ಪದಾರ್ಥಗಳು. ಸೊಪ್ಪನ್ನು ಸೋಸಿ, ಕಾಳನ್ನು ನೆನೆಸಿ ಮೊಳಕೆ ಕಟ್ಟುವ ದುಡಿಮೆಯನ್ನು ಶತಮಾನಗಳಿಂದ ಹೆಂಗಸರೇ ಹೊತ್ತವರು. ಅವರು ಹೊರಗಿನ ದುಡಿಮೆಗೂ ಹೋಗಬೇಕಾದಾಗ ಆ ಕೆಲಸವನ್ನು ಮನೆಯ ಬೇರೆ ಯಾರೂ ಹಂಚಿಕೊಳ್ಳದಿದ್ದರೆ ಊಟದಿಂದ ಮೊದಲು ಮಾಯವಾಗುವುದು ಸೊಪ್ಪು ಮತ್ತು ಕಾಳು. ಗಂಡಸರು ಸೊಪ್ಪು ಸೋಸುವುದನ್ನು ಕಲಿಯುವುದು ಪೋಷಣೆಯ ದೃಷ್ಟಿಯಿಂದಲೂ ಮುಖ್ಯವಾದ ಸುಧಾರಣೆಯೆಂಬುದನ್ನು ಗಂಭೀರವಾಗಿಯೇ ಹೇಳಬೇಕಾಗಿದೆ.

ಎಣ್ಣೆ ಮತ್ತು ಸಕ್ಕರೆಗಳ ಲೆಕ್ಕ ಸರಳ. ಪೋಷಣಾ ಸಂಸ್ಥೆಯ ಅದೇ ಮಾರ್ಗಸೂಚಿ ಸೂಚಿಸುವ ದಿನಕ್ಕೆ 27 ಗ್ರಾಂ ಎಣ್ಣೆ, ಕೊಬ್ಬು ಎಂದರೆ ನಾಲ್ವರು ವಯಸ್ಕರ ಸಂಸಾರಕ್ಕೆ ತಿಂಗಳಿಗೆ, ತುಪ್ಪವೂ ಸೇರಿದಂತೆ, ಮೂರೂಕಾಲು ಕೆ.ಜಿ.ಗಿಂತ ಹೆಚ್ಚು ಸಲ್ಲದು. ದಿನಸಿ ಚೀಟಿಯನ್ನು ನೋಡಿದರೆ ಯಾವ ಮನೆಯೂ ತನ್ನ ಸ್ಥಿತಿಯನ್ನು ತಾನೇ ಅರಿಯಬಹುದು. ಎರಡೆರಡು ಚಮಚ ಸಕ್ಕರೆ ಬೆರೆಸಿದ ಮೂರು ಲೋಟ ಕಾಫಿಯಿಂದಲೇ ದಿನದ 25 ಗ್ರಾಂ ಸಕ್ಕರೆಯ ಮಿತಿ ಮುಗಿಯುತ್ತದೆ. ಕಾಲು ಲೀಟರ್ ತಂಪು ಪಾನೀಯದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಸಕ್ಕರೆಯಿರುತ್ತದೆ. ಇವುಗಳಿಗಿಂತ ಬಗೆಹರಿಸಲು ಕಷ್ಟವಾದುದು ಅತಿಸಂಸ್ಕರಿತ ಆಹಾರ, ಎಂದರೆ ಮನೆಯ ಅಡುಗೆಯಲ್ಲಿ ಬಳಸದ ಕೃತಕ ರುಚಿ, ಬಣ್ಣ, ಮಿಶ್ರಕಾರಕಗಳನ್ನು ಸೇರಿಸಿ ಕಾರ್ಖಾನೆಯಲ್ಲಿ ರೂಪಿಸಿದ ತಿನಿಸು. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ಸಂಶೋಧನಾಲಯದಲ್ಲೇ ಇರಿಸಿಕೊಂಡು ನಡೆಸಿದ ಪ್ರಯೋಗದಲ್ಲಿ, ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವಿದ್ದಾಗ ಅತಿಸಂಸ್ಕರಿತ ಆಹಾರದ ಎರಡು ವಾರಗಳಲ್ಲಿ ಅವರು, ಹೆಚ್ಚು ಸಂಸ್ಕರಿಸದ ಆಹಾರದ ಎರಡು ವಾರಗಳಿಗಿಂತ, ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ತಿಂದು, ಸುಮಾರು 0.9 ಕೆ.ಜಿ. ತೂಕ ಹೆಚ್ಚಿಸಿಕೊಂಡರು. ಬಡಿಸಿದ ಎರಡು ಬಗೆಯ ಊಟಗಳಲ್ಲೂ ಸಕ್ಕರೆ, ಕೊಬ್ಬು, ನಾರುಗಳನ್ನು ಸಮನಾಗಿ ಇರಿಸಲಾಗಿತ್ತು. ಬಾಯಿಚಪಲವೆಂದು ಮಕ್ಕಳನ್ನೂ ಅವರ ತಾಯಂದಿರನ್ನೂ ದೂರುವವರು ಈ ಫಲಿತಾಂಶವನ್ನು ಓದಬೇಕು.

ದೈಹಿಕ ಚಟುವಟಿಕೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೂ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಆಟೋಟವನ್ನೂ ಸೂಚಿಸಿದೆ. ನಡಿಗೆಯ ಮಾತು ಎಲ್ಲರಿಗೂ ತಿಳಿದಿದೆ, ಸ್ನಾಯುಬಲದ ಮಾತು ಇನ್ನೂ ತಲುಪಿಲ್ಲ. ಹುಟ್ಟಿನಿಂದಲೇ ಸ್ನಾಯು ಕಡಿಮೆಯಿರುವ ಜನರಿಗೆ ಅದೇ ಹೆಚ್ಚು ಅಗತ್ಯ, ಏಕೆಂದರೆ ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ಮೈಸೂರಿನ ಗರಡಿಮನೆಗಳ ದಂಡ, ಬೈಠಕ್ಕುಗಳು ಈ ಕೆಲಸಕ್ಕೆ ಯಾವ ಉಪಕರಣವನ್ನೂ ಬೇಡುವುದಿಲ್ಲ. ಅವು ಗಂಡಸರಿಗಷ್ಟೇ ಮೀಸಲಾಗಿ ಉಳಿದದ್ದು ದೊಡ್ಡ ನಷ್ಟ.

ಸಾರ್ವಜನಿಕ ವ್ಯವಸ್ಥೆಯತ್ತ ನೋಡಿದರೆ, 2013ರ ಆಹಾರ ಭದ್ರತಾ ಕಾಯ್ದೆಯೂ ಅದೇ ವರ್ಷದ ರಾಜ್ಯದ ಅನ್ನಭಾಗ್ಯ ಪಡಿತರ ಯೋಜನೆಯೂ ಹಸಿವನ್ನು ತಡೆದ ದೊಡ್ಡ ಹೆಜ್ಜೆಗಳು. ಅವುಗಳನ್ನು ಬೊಜ್ಜಿನ ಹೆಸರಿನಲ್ಲಿ ಹಳಿಯುವುದು ಅನ್ಯಾಯ. ಆದರೆ ಕಾಯ್ದೆಯಡಿ ಪಡಿತರದ ಹಕ್ಕು ಧಾನ್ಯಕ್ಕೆ ಸೀಮಿತವಾಗಿದ್ದು, ಬೇಳೆಕಾಳು ಅದರೊಳಗೆ ಸೇರಿಲ್ಲ. ಶಾಲೆಯ ಬಿಸಿಯೂಟದ ಮಾನದಂಡದಲ್ಲೂ ಪ್ರಾಥಮಿಕ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯಕ್ಕೆ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಎಂದರೆ ಪೋಷಣಾ ಸಂಸ್ಥೆ ಹೇಳುವ ಮೂರಕ್ಕೆ ಒಂದರ ಬದಲು ಐದಕ್ಕೆ ಒಂದು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲೂ ಇತ್ತೀಚಿನ ವರ್ಷಗಳಲ್ಲಿ ಸೇರಿದ ಮೊಟ್ಟೆಯೂ ಈ ಕೊರತೆಯನ್ನು ಭಾಗಶಃ ತುಂಬುತ್ತಿವೆ. ಶಾಲೆಯ ಊಟದಲ್ಲಿ ಮೊಟ್ಟೆ ಕೊಡಬೇಕೇ ಎಂಬ ವಿವಾದವನ್ನು ಈ ಅನುಪಾತದ ಬೆಳಕಿನಲ್ಲಿ ನೋಡಿದರೆ, ಮಗುವಿನ ತಟ್ಟೆಯಿಂದ ಪ್ರೋಟೀನನ್ನು ತೆಗೆಯುವ ಯಾವ ವಾದವೂ ನಿಲ್ಲದು. ಶಾಲೆಯ ಆವರಣದಲ್ಲಿ ಮತ್ತು ಅದರ ಸುತ್ತ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳ ಮಾರಾಟವನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2020ರ ನಿಯಮಗಳಲ್ಲಿ ನಿಷೇಧಿಸಿದೆ. ಅದನ್ನು ಜಾರಿಗೆ ತರುವ ಹೊಣೆಯನ್ನು ಶಾಲಾಭಿವೃದ್ಧಿ ಸಮಿತಿಗಳು ಕೈಗೆತ್ತಿಕೊಳ್ಳಬಹುದು.

ತೊಗರಿಯ ಕಣಜವಾದ ಕಲಬುರಗಿ ಇದೇ ರಾಜ್ಯದಲ್ಲಿದೆ, ಅದರ ಬೇಳೆಗೆ ಭೌಗೋಳಿಕ ಸೂಚಿಯ ಮನ್ನಣೆಯೂ ಸಿಕ್ಕಿದೆ. ಪಡಿತರದಲ್ಲಿ ಮತ್ತು ಬಿಸಿಯೂಟದಲ್ಲಿ ಧಾನ್ಯದ ಒಂದು ಪಾಲನ್ನು ಸ್ಥಳೀಯ ಕಾಳುಗಳಿಂದ ಬದಲಿಸಿದರೆ ಒಣಬೇಸಾಯದ ರೈತನಿಗೂ ಕೂಸಿಗೂ ಒಟ್ಟಿಗೆ ಅನುಕೂಲವಾಗುತ್ತದೆ. ಅಳತೆಯ ವಿಷಯದಲ್ಲಿಯೂ ಹೊಸದಾಗಿ ಕಟ್ಟಬೇಕಾದುದು ಹೆಚ್ಚಿಲ್ಲ. ಮೂವತ್ತು ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ಸಮುದಾಯ ಆಧಾರಿತ ತಪಾಸಣಾ ನಮೂನೆಯಲ್ಲಿ ಸೊಂಟದ ಸುತ್ತಳತೆಯ ಪ್ರಶ್ನೆ ಈಗಾಗಲೇ ಇದೆ. ಗರ್ಭಿಣಿಯ ಸಕ್ಕರೆ ಪರೀಕ್ಷೆಯ ಫಲಿತಾಂಶ ತಾಯಿ ಕಾರ್ಡಿನಲ್ಲಿ ದಾಖಲಾಗಬಹುದು. ಇವೆರಡನ್ನೂ ಜೋಡಿಸಿ, ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ಪ್ರತಿ ತಾಯಿಗೂ ಹೆರಿಗೆಯಾದ ಆರು ವಾರಗಳ ನಂತರ ಮರುಪರೀಕ್ಷೆ ಮಾಡಿಸುವುದು, ಆಕೆಯ ಮಗುವಿನ ಬೆಳವಣಿಗೆಯನ್ನು ಅಂಗನವಾಡಿಯಲ್ಲೂ ಮುಂದೆ ಶಾಲೆಯಲ್ಲೂ ತೂಕವೊಂದರಿಂದಲೇ ಅಳೆಯದೆ ಎತ್ತರದ ಜೊತೆಗೂ ಹೋಲಿಸಿ ಹನ್ನೆರಡರವರೆಗೆ ಗಮನಿಸುತ್ತ ಹೋಗುವುದು, ಸೊಂಟದ ಅಳತೆಯನ್ನು ಮೂವತ್ತರವರೆಗೆ ಕಾಯದೆ ಪ್ರೌಢಶಾಲೆಯಿಂದಲೇ ವರ್ಷಕ್ಕೊಮ್ಮೆ ದಾಖಲಿಸುವುದು, ಈಗಿರುವ ಸಿಬ್ಬಂದಿಗೆ ತಕ್ಕ ಸಂಭಾವನೆ ಮತ್ತು ತರಬೇತಿ ಕೊಟ್ಟರೆ ಒಂದು ತಾಲ್ಲೂಕಿನ ಮಟ್ಟದಲ್ಲಿ ಕೂಡಲೇ ಆರಂಭಿಸಬಹುದಾದ ಕೆಲಸಗಳು.