ಕರ್ನಾಟಕದ ಕೆಳ ತರಗತಿಗಳ ಮಂಡಳಿ ಪರೀಕ್ಷೆ ವಿವಾದ

ಕರ್ನಾಟಕ ಸರ್ಕಾರವು 5 ಮತ್ತು 8ನೆಯ ತರಗತಿಗಳಿಗೆ 2023ರ ಮಾರ್ಚ್‌ನಲ್ಲಿ ರಾಜ್ಯಮಟ್ಟದ ಪರೀಕ್ಷೆ ನಡೆಸಿತು. ಮರುವರ್ಷ 9 ಮತ್ತು 11ನೆಯ ತರಗತಿಗಳೂ ಸೇರಿದವು. ಕಲಿಕೆಯ ಮಟ್ಟವನ್ನು ಅಳೆಯುವುದು ಇದರ ಉದ್ದೇಶವೆಂದು ಸರ್ಕಾರ ಹೇಳಿತು. ಖಾಸಗಿ ಶಾಲೆಗಳ ಸಂಘಟನೆಗಳು ನ್ಯಾಯಾಲಯದ ಮೊರೆಹೊಕ್ಕವು.

2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಮಗು ಯಾವುದೇ ಮಂಡಳಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿಲ್ಲ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ನಡೆಯಬೇಕು. ಈ ಪದ್ಧತಿಯಲ್ಲಿ ಶಿಕ್ಷಕರು ತಪ್ಪನ್ನು ಕಂಡಾಗಲೇ ತಿದ್ದಬಹುದು. ವರ್ಷಾಂತ್ಯದ ಪರೀಕ್ಷೆಯು ಅದನ್ನು ತೋರಿಸುವ ಹೊತ್ತಿಗೆ ಮಗು ಮುಂದಿನ ತರಗತಿಗೆ ಹೋಗಿರುತ್ತದೆ. ಆದರೆ ಒಬ್ಬರೇ ಶಿಕ್ಷಕರಿರುವ ಹಳ್ಳಿಯ ಶಾಲೆಯಲ್ಲಿ ನಿರಂತರ ಮೌಲ್ಯಮಾಪನವೂ ದಾಖಲೆ ತುಂಬುವ ಕೆಲಸವಾಗಿಬಿಡುವುದುಂಟು.

2024ರ ಮಾರ್ಚ್ 6ರಂದು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಪರೀಕ್ಷೆಯನ್ನು ರದ್ದುಗೊಳಿಸಿತು. ಮರುದಿನವೇ ವಿಭಾಗೀಯ ಪೀಠವು ಆ ಆದೇಶವನ್ನು ತಡೆಹಿಡಿಯಿತು. ಆರಂಭವಾದ ಪರೀಕ್ಷೆ ನಡುವೆ ನಿಂತು, ಮತ್ತೆ ನಡೆಯಿತು. ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯವು ಫಲಿತಾಂಶಗಳಿಗೆ ತಡೆ ನೀಡಿತು.