ಆವಕ ಪುಸ್ತಕದಲ್ಲಿ ಉಳಿದ ಹೆಸರು

ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಟಪಾಲು ಗುಮಾಸ್ತರಾಗಿದ್ದರು. ಕಾಗದ ಯಾವ ಮೇಜಿಗಾದರೂ ಹೋಗಲಿ, ಕಳೆದೇ ಹೋಗಲಿ, ಆವಕ ಪುಸ್ತಕದಲ್ಲಿ ಅದರ ನಂಬರು, ತಾರೀಕು ಇರಲೇಬೇಕು ಅನ್ನುತ್ತಿದ್ದರು. 1990ರ ದಶಕದ ನಡುವೆ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಯೂಸ್‌ನೆಟ್ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ನನ್ನ ಕೈಗೂ ಅಂಥದೇ ಒಂದು ಪುಸ್ತಕ ಬಂತು. ಅದು ಹಿಸ್ಟರಿ ಎಂಬ ಕಡತ. ಅದರೊಳಗೆ ಹುಡುಕುವ ಆಜ್ಞೆ ಗ್ರೆಪ್‌ಹಿಸ್ಟರಿ.

ಯೂಸ್‌ನೆಟ್‌ನ ಯೋಚನೆ ಹುಟ್ಟಿದ್ದು 1979ರಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಅವರಿಗೆ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸ್ಟೀವ್ ಬೆಲೊವಿನ್ ಅದನ್ನು ಮೊದಲು ಶೆಲ್ ಸ್ಕ್ರಿಪ್ಟಾಗಿ ಬರೆದರು. ವಿಷಯಕ್ಕೊಂದು ಗುಂಪು ಮಾಡಿಕೊಂಡು ಪತ್ರ ಬರೆಯುವ ಈ ಜಾಲಕ್ಕೆ ಕೇಂದ್ರ ಕಚೇರಿಯಿಲ್ಲ. ಪ್ರತಿ ಯಂತ್ರವೂ ತನಗೆ ಬಂದ ಪತ್ರವನ್ನು ನೆರೆಯ ಯಂತ್ರಗಳಿಗೆ ದಾಟಿಸುತ್ತದೆ. ಹಾಗಾಗಿ ಒಂದೇ ಪತ್ರ ಮೂರು ದಾರಿಯಲ್ಲಿ ಬಂದು ಬಾಗಿಲು ತಟ್ಟುವುದು ದಿನನಿತ್ಯದ ಮಾತು. ಅದಕ್ಕೇ ಪ್ರತಿ ಪತ್ರಕ್ಕೂ ಲೋಕದಲ್ಲಿ ಇನ್ನೊಂದಕ್ಕಿಲ್ಲದ ಹೆಸರು, ಮೆಸೇಜ್-ಐಡಿ. 1986ರಲ್ಲಿ ಬ್ರಯನ್ ಕ್ಯಾಂಟರ್, ಫಿಲ್ ಲ್ಯಾಪ್‌ಸ್ಲಿ ಬರೆದ ಎನ್‌ಎನ್‌ಟಿಪಿ ನಿಯಮದ ಪ್ರಕಾರ ನೆರೆಯ ಯಂತ್ರ ಮೊದಲು ಹೆಸರು ಹೇಳಿ 'ಇದು ನನ್ನ ಹತ್ತಿರ ಇದೆ' ಅನ್ನುತ್ತದೆ. ನಮ್ಮ ಯಂತ್ರ ಹಿಸ್ಟರಿ ನೋಡಿ 335 ಅಂದರೆ ಕಳಿಸು, 435 ಅಂದರೆ ಬೇಡ.

ನಮ್ಮಲ್ಲಿದ್ದದ್ದು ರಿಚ್ ಸಾಲ್ಜ್ 1992ರಲ್ಲಿ ಹೊರತಂದ ಐಎನ್‌ಎನ್ ಎಂಬ ಸರ್ವರ್ ತಂತ್ರಾಂಶ. ಡಿಸ್ಕು ಚಿಕ್ಕದು, ಪತ್ರಗಳ ಪ್ರವಾಹ ದೊಡ್ಡದು. ಕೆಲವೇ ದಿನಗಳಲ್ಲಿ ಪತ್ರ ಅಳಿಸಬೇಕಾಗುತ್ತಿತ್ತು. ಆದರೆ ಅಳಿಸಿದ ಮೇಲೂ ಹೆಸರನ್ನು ಸ್ವಲ್ಪ ಕಾಲ ಉಳಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಅದೇ ಪತ್ರ ಬೇರೆ ದಾರಿಯಿಂದ ಹೊಸದರಂತೆ ಒಳನುಗ್ಗುತ್ತದೆ. ಎಷ್ಟು ದಿನ ಉಳಿಸಬೇಕೆಂದು ಬರೆಯುವ ಸಾಲಿಗೆ 'ರಿಮೆಂಬರ್' ಎಂದೇ ಹೆಸರಿಟ್ಟಿದ್ದರು. ಇಡೀ ತಂತ್ರಾಂಶದಲ್ಲಿ ನನಗೆ ಅತ್ಯಂತ ಪ್ರಿಯವಾದ ಪದ ಅದು.

ಗ್ರೆಪ್‌ಹಿಸ್ಟರಿಗೆ ಮೆಸೇಜ್-ಐಡಿ ಕೊಟ್ಟರೆ ಆಗ ಬರುತ್ತಿದ್ದ ಉತ್ತರ ಮೂರೇ ಬಗೆ. ಪತ್ರ ಇದ್ದರೆ ಅದು ಡಿಸ್ಕಿನಲ್ಲಿ ಎಲ್ಲಿದೆ ಎಂಬ ದಾರಿ. ಬಂದೇ ಇಲ್ಲದಿದ್ದರೆ ಸಿಗಲಿಲ್ಲ ಎಂಬ ಸಂದೇಶ. ಬಂದು ಅಳಿದಿದ್ದರೆ 'ಡೆವ್ ನಲ್', ಯೂನಿಕ್ಸ್‌ನಲ್ಲಿ ಏನು ಹಾಕಿದರೂ ನುಂಗಿಬಿಡುವ ಶೂನ್ಯದ ಹೆಸರು. ಐಡಿಯ ಎರಡೂ ತುದಿಗೆ ಕೋನದ ಆವರಣ ಇರುತ್ತದೆ. ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಆಜ್ಞೆಗಳನ್ನು ಓದುವ ಶೆಲ್ ಬೇರೆಯೇ ಅರ್ಥ ಮಾಡಿಕೊಂಡು ಸಿಡುಕುತ್ತದೆ. ಹೊಸಬರಿಗೆ ನಾನು ಮೊದಲು ಕಲಿಸುತ್ತಿದ್ದದ್ದು ಇದನ್ನೇ.

ಕರ್ನಾಟಕಕ್ಕೂ ಒಂದು ಗುಂಪಿತ್ತು: ಸಾಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಡಾಟ್ ಕರ್ನಾಟಕ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಓದುತ್ತಿದ್ದೆವು. ಒಂದು ಸಂಜೆ ಕರಾವಳಿಯ ಕಡೆಯ ಒಬ್ಬ ವಿದ್ಯಾರ್ಥಿ ಬಂದ. ತಾಳಮದ್ದಲೆಯ ಒಂದು ರಾತ್ರಿಯ ಬಗ್ಗೆ ಅಲ್ಲಿಗೆ ನೇರವಾಗಿ ಟೈಪಿಸಿ ಕಳಿಸಿದ್ದನಂತೆ, ತನ್ನ ಬಳಿ ಪ್ರತಿ ಇಟ್ಟುಕೊಂಡಿರಲಿಲ್ಲ. "ಅಣ್ಣಾ, ಎಲ್ಲಾದರೂ ಸಿಕ್ಕೀತಾ?" ಅಂದ. ಯಾರೋ ಅದಕ್ಕೆ ಬರೆದ ಉತ್ತರ ಇನ್ನೂ ಇತ್ತು. ಯಾವ ಪತ್ರಕ್ಕೆ ಉತ್ತರ ಎಂದು ತಿಳಿಸುವ ಅದರ ರೆಫರೆನ್ಸಸ್ ಸಾಲಿನಲ್ಲಿ ಅವನ ಪತ್ರದ ಐಡಿ ಸಿಕ್ಕಿತು. ಹಾಕಿ ನೋಡಿದೆ. ಡೆವ್ ನಲ್.

ಎಲ್ ಎಂಬ ಆಯ್ಕೆ ಸೇರಿಸಿ ಪೂರ್ತಿ ಸಾಲು ತೆಗೆದೆ. ಪತ್ರ ಬಂದ ಹೊತ್ತು ಅಲ್ಲಿ 1970ರಿಂದ ಎಣಿಸಿದ ಸೆಕೆಂಡುಗಳಲ್ಲಿತ್ತು. ಲೆಕ್ಕ ಹಾಕಿ ದಿನ, ಗಂಟೆ, ನಿಮಿಷ ಹೇಳಿದೆ. ಅವನು ಅದನ್ನು ಚೀಟಿಯಲ್ಲಿ ಬರೆದುಕೊಂಡ. ಉತ್ತರದೊಳಗೆ ಉಲ್ಲೇಖವಾಗಿ ಉಳಿದಿದ್ದ ತನ್ನದೇ ಎರಡು ಸಾಲುಗಳನ್ನು ಅದರ ಕೆಳಗೆ ನಕಲು ಮಾಡಿದ. ಆಮೇಲೆ ಕುರ್ಚಿ ಎಳೆದು ಕೂತು, ಮೂರನೆಯ ಸಾಲು ಏನಿತ್ತೆಂದು ನೆನಪಿಸಿಕೊಳ್ಳತೊಡಗಿದ.