ಬಳ್ಳಿಗಾವಿಯ ಕೋಡಿಯ ಮಠ ಮತ್ತು ನೆಲೆಯಿಲ್ಲದವರು

ಇಂದಿನ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ಒಳಗೊಂಡಿದ್ದ ಬನವಾಸಿ-12000 ನಾಡಿಗೆ ಮಧ್ಯಯುಗದಲ್ಲಿ ರಾಜಧಾನಿಯಾಗಿದ್ದ ಬಳ್ಳಿಗಾವಿಯಲ್ಲಿ, ದಕ್ಷಿಣ ಕೇದಾರವೆಂದು ಹೆಸರಾದ ಕೇದಾರೇಶ್ವರ ದೇಗುಲಕ್ಕೆ ಸೇರಿದ ಕೋಡಿಯ ಮಠವಿತ್ತು. ಕಾಳಾಮುಖರು, ಅಂದರೆ ಲಕುಲೀಶನ ಪರಂಪರೆಯ ಶೈವ ಯತಿಗಳು, ಅದನ್ನು ನಡೆಸುತ್ತಿದ್ದರು. ವೇದ, ವ್ಯಾಕರಣ, ನಾಟಕಗಳ ವಿದ್ಯಾಕೇಂದ್ರವಾಗಿದ್ದ ಈ ಮಠವನ್ನು ಕಲಚುರಿ ಅರಸ ಬಿಜ್ಜಳನ ಕಾಲದ 1162ರ ಶಾಸನವು ಅನ್ನದಾನದ ನೆಲೆಯೆಂದೂ ವರ್ಣಿಸುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಉಡಲು ಬಟ್ಟೆಯಿಲ್ಲದವರು, ಅಂಗಭಂಗವಾದವರು ಇವರೊಂದಿಗೆ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು ಮತ್ತು ನಾನಾ ದೇಶಗಳ ಭಿಕ್ಷುಕರು ಅಲ್ಲಿ ಉಣ್ಣುತ್ತಿದ್ದರು; ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿತ್ತು. ಶಾಸನದ ಮಾತು ಹೊಗಳಿಕೆಯ ಮಾತೇ ಹೌದು. ಆದರೂ ಶೈವ ಮಠದ ಪಂಕ್ತಿಯಲ್ಲಿ ಉಣ್ಣುವ ಭಿಕ್ಷುಕರ ನಡುವೆ ಕ್ಷಪಣಕರನ್ನು, ಎಂದರೆ ಜೈನ ಸನ್ಯಾಸಿಗಳನ್ನು, ಹೆಸರಿಸಿರುವುದು ಬರಿಯ ಅಲಂಕಾರಕ್ಕಾಗಿ ಎನ್ನುವುದು ಕಷ್ಟ. ಹಾಡುಗಾರರು ಅನಾಥರ ಸಾಲಿನಲ್ಲೇ ಬಂದಿರುವುದನ್ನು ನೋಡಿದರೆ, ಊರಿಂದೂರಿಗೆ ಅಲೆದು ಬದುಕುವ ಕಲಾವಿದರಿಗೆ ಅಂದೂ ನಿಂತ ನೆಲೆ ಇರಲಿಲ್ಲವೆಂದು ತೋರುತ್ತದೆ. ಈ ದಾಸೋಹದ ವೆಚ್ಚ ಭಕ್ತರ ಕಾಣಿಕೆಯೊಂದರಿಂದಲೇ ಹುಟ್ಟುತ್ತಿರಲಿಲ್ಲ. ದೇವರ ಪೂಜೆ, ದೇಗುಲದ ಜೀರ್ಣೋದ್ಧಾರ, ತಪಸ್ವಿಗಳ ಆಹಾರ ಇವುಗಳಿಗೆಂದು ಅರಸರೂ ಅಧಿಕಾರಿಗಳೂ ಮಠದ ಆಚಾರ್ಯರ ಕಾಲು ತೊಳೆದು ಧಾರೆಯೆರೆದು ಬಿಟ್ಟ ಭೂಮಿಯ ಹುಟ್ಟುವಳಿ ಅದನ್ನು ನಡೆಸುತ್ತಿತ್ತು.